ಕುಪ್ಪುಸ್ವಾಮಿ ಹೇಳದೆ ಬಿಟ್ಟ ಪರೀಕ್ಷೆ

ಉರಿಗಾಂನ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ ಹುಟ್ಟಿದ ಕುಪ್ಪುಸ್ವಾಮಿ ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ಆಂಡರ್ಸನ್‌ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಹಾಳೆ ಜೋಡಿಸುತ್ತಲೇ ಕಂಪ್ಯೂಟರಿನ ಹೊಟ್ಟೆ ಬಿಚ್ಚುವುದನ್ನು ಕಲಿತ. ಕಲಿಸಿದವರು ಯಾರೂ ಇಲ್ಲ. ಕೆಡಿಸಿ, ಬೈಸಿಕೊಂಡು ಕಲಿತ ವಿದ್ಯೆ. ಕ್ಯಾಸಂಬಳ್ಳಿ ಸುತ್ತಿನ ಹಾಲಿನ ಡೈರಿಗಳಲ್ಲಿ ಅವನಿಗಿದ್ದ ಮರ್ಯಾದೆಯೆಲ್ಲ ಅದರಿಂದಲೇ.

ಆ ಡೈರಿಗಳಲ್ಲಿ ಹಾಲು ತೂಗಿ ಚೀಟಿ ಕೊಡುವುದಕ್ಕೆ ‘ಹಾಲುಚೀಟಿ’ ಎಂಬ ತಂತ್ರಾಂಶವಿತ್ತು. ಅದು ಯಾರ ಸ್ವತ್ತೂ ಅಲ್ಲ. ಎಲ್ಲೆಲ್ಲಿಯೋ ಕೂತ ಜನ ಸೇರಿ ಬರೆದದ್ದು. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ತೊಂದರೆಯೆಂದರೆ ಡೈರಿಗೊಂದು ಥರದ ಯಂತ್ರ. ಕೆಂಪಣ್ಣನ ಡೈರಿಯಲ್ಲಿ ಹಳೇ ವಿಂಡೋಸ್, ಸುಮಲತಳ ಡೈರಿಯಲ್ಲಿ ಲಿನಕ್ಸ್, ಇನ್ನೊಂದು ಕಡೆ ಬರೀ ಮೊಬೈಲು. ಒಂದು ಯಂತ್ರಕ್ಕೆಂದು ಕಟ್ಟಿದ ತಂತ್ರಾಂಶ ಇನ್ನೊಂದರಲ್ಲಿ ಏಳುತ್ತಿರಲಿಲ್ಲ. ಯಾರೋ ಒಂದು ಸಾಲು ತಿದ್ದಿದರೂ ಕುಪ್ಪುಸ್ವಾಮಿ ಪೆನ್‌ಡ್ರೈವ್ ಜೇಬಿಗಿಳಿಸಿ ಬೈಕು ಹತ್ತಬೇಕು. ಊರೂರಿಗೂ ಹೋಗಿ ಆಯಾ ಯಂತ್ರಕ್ಕೆ ಬೇರೆಯಾಗಿ ಕಟ್ಟಿ, ಕ್ಯಾನಿಗೆ ನೀರು ತುಂಬಿ ತೂಗಿ, ಚೀಟಿ ಸರಿಯಾಗಿ ಬಂತೋ ನೋಡಬೇಕು. ಅವನು ಬಂದರೆ ಬೆಂಚು ಒರೆಸುತ್ತಿದ್ದರು. ಕಾಫಿ ಬರುತ್ತಿತ್ತು. “ಕುಪ್ಪಣ್ಣ ಊಂ ಅಂದ್ರೇನೇ ಡೈರಿ” ಅನ್ನುತ್ತಿದ್ದರು. ಆ ಒಂದು ಮಾತು ಸಾಕಾಗಿತ್ತು ಅವನಿಗೆ.

ಅಷ್ಟರಲ್ಲಿ ಆ ತಂತ್ರಾಂಶ ತಿದ್ದುವವರ ಗುಂಪಿಗೆ ಶ್ಯಾಮಲ ಬಂದಳು. ಬಂಗಾರಪೇಟೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುವವಳು, ಅವನದೇ ವಯಸ್ಸು. ಕೂತಲ್ಲೇ ಕೂತು, ಪ್ರತಿ ತಿದ್ದುಪಡಿಗೂ ಏನೇನು ಮಾಡಬೇಕೆಂದು ಹೇಳುವ ಒಂದು ಫೈಲು ಬರೆದಳು. ಅಲ್ಲಿಂದಾಚೆಗೆ ಯಾರು ಏನು ತಿದ್ದಿದರೂ ಎಲ್ಲೋ ದೂರದ ಕಂಪ್ಯೂಟರುಗಳು ತಾವಾಗಿಯೇ ಎದ್ದು ಮೂರು ಥರದ ಯಂತ್ರಕ್ಕೂ ಕಟ್ಟಿ, ಪರೀಕ್ಷೆ ಮಾಡಿ, ಪರದೆಯ ಮೇಲೆ ಮೂರು ದೀಪ ತೋರಿಸುತ್ತಿದ್ದವು. ಹಸಿರಾದರೆ ಸರಿ, ಕೆಂಪಾದರೆ ತಪ್ಪು. ಮೂರೂ ಹಸಿರಾದರೆ ಹೊಸದು ಡೈರಿಗಳಿಗೆ ಗಾಳಿಯಲ್ಲೇ ಹೋಗಿ ಕೂರುತ್ತಿತ್ತು. ಬೈಕು ಬೇಡ, ಪೆನ್‌ಡ್ರೈವ್ ಬೇಡ, ಕುಪ್ಪುಸ್ವಾಮಿಯಂತೂ ಬೇಡವೇ ಬೇಡ.

ಕೆಂಪಣ್ಣ ಅವಳಿಗೆ ಕುರ್ಚಿ ಹಾಕಿಸಿದ್ದು ನೋಡಿ ಕುಪ್ಪುಸ್ವಾಮಿ ಉರಿದ. ಅವಳು ಕಾಫಿ ಬೇಡವೆಂದಳೆಂದು ಎಳನೀರು ತರಿಸಿದ್ದು ನೋಡಿ ಇನ್ನಷ್ಟು ಉರಿದ. ಇಷ್ಟು ವರ್ಷದಲ್ಲಿ ಅವನಿಗೊಂದು ಎಳನೀರು ಕಂಡಿರಲಿಲ್ಲ.

“ಅಣ್ಣ, ನೀವು ಏನೇನು ಪರೀಕ್ಷೆ ಮಾಡ್ತಿದ್ರಿ ಹೇಳಿ. ಎಲ್ಲಾ ಬರೆದು ಸೇರಿಸ್ತೀನಿ” ಎಂದು ಅವಳೇ ಕೇಳಿದಳು.

ಅವನು ಹೇಳಿದ. ಒಂದನ್ನು ಬಿಟ್ಟು. ಹಾಲು ತೂಗಿ ಚೀಟಿ ಅರ್ಧ ಹೊರಬಂದಾಗ ಅವನು ಪ್ಲಗ್ಗನ್ನೇ ಕಿತ್ತುಬಿಡುತ್ತಿದ್ದ. ಕರೆಂಟು ಹೋಗಿ ಬಂದ ಮೇಲೂ ಲೆಕ್ಕ ನೆಟ್ಟಗಿರಬೇಕಲ್ಲ. ಅದನ್ನು ನುಂಗಿಕೊಂಡ. ನೋಡೋಣ, ಮೇಡಂ ದೀಪ ಎಷ್ಟು ದಿನ ಹಸಿರಾಗಿ ಉರಿಯುತ್ತದೋ ಎಂದುಕೊಂಡ. ಆಮೇಲೆ ದಿನಾ ಬೆಳಿಗ್ಗೆ ಕೆಂಪಣ್ಣನ ಡೈರಿಯ ಬೆಂಚಿನ ಮೇಲೆ ಕೂತು ಕರೆಂಟು ಹೋಗಲೆಂದು ಕಾದ. ಹಾಳಾದ್ದು, ಬೇಕಾದಾಗ ಹೋಗಲೂ ಇಲ್ಲ.

ಕೊನೆಗೊಂದು ದಿನ ಹೋಯಿತು. ಡೈರಿಯ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು. ಈಚಿನ ತಿದ್ದುಪಡಿಯೊಂದರಲ್ಲಿ ನುಸುಳಿದ ತಪ್ಪು ಹಸಿರು ದೀಪ ದಾಟಿ ಬಂದು ಕೂತಿತ್ತು. ಮುನಿಯಮ್ಮನ ಹಾಲು ತೂಗಿ ಚೀಟಿ ಬರುವಷ್ಟರಲ್ಲಿ ಪರದೆ ಕಪ್ಪಾಯಿತು. ಕರೆಂಟು ಮರಳಿದಾಗ ಅವಳ ಹಾಲೆಲ್ಲ ಹಿಂದೆ ನಿಂತಿದ್ದ ಮುನಿಸ್ವಾಮಪ್ಪನ ಚೀಟಿಯಲ್ಲಿ ಬಂತು. ಬದುವಿನ ಜಗಳದಿಂದ ಅವರಿಬ್ಬರಿಗೂ ಮಾತೇ ಇರಲಿಲ್ಲ.

“ನನ್ನ ಎಮ್ಮೆ ಆಲು ಇವನೆಸ್ರಿಗೆ ಓಯ್ತಾ?” ಮುನಿಯಮ್ಮ ಕ್ಯಾನು ಕುಕ್ಕಿದಳು. “ಲೇ ಕೆಂಪಣ್ಣ, ಇವನ ತಾವ ಏನ್ ತಿಂದೆ ಯೋಳ್ಲಾ.”

“ನಾನೇನ್ ಕೇಳಿದ್ನಾ? ಮಿಷಿನ್ನೇ ಕೊಡ್ತು” ಎಂದ ಮುನಿಸ್ವಾಮಪ್ಪ, ಚೀಟಿಯನ್ನು ಜೇಬಿಗೆ ಸೇರಿಸುತ್ತಾ.

ಸಾಲಿನವರೆಲ್ಲ ಕೌಂಟರಿಗೆ ಮುಗಿಬಿದ್ದರು. ಮುನಿಯಮ್ಮ ಬೆಂಚಿನ ಕಡೆ ತಿರುಗಿದಳು. “ಕುಪ್ಪಣ್ಣ, ನೀನ್ ಬತ್ತಿದ್ದಾಗ ಇಂಗಾಯ್ತಿರ್ಲಿಲ್ಲ ಕಣಪ್ಪ.”

ಕುಪ್ಪುಸ್ವಾಮಿಯ ಎದೆ ತಂಪಾಯಿತು. ಈ ಮಾತಿಗೇ ಅಲ್ಲವೇ ಅವನು ಕಾದದ್ದು. ಆದರೆ ಕೆಂಪಣ್ಣ ಶ್ಯಾಮಲಳಿಗೆ ಫೋನು ಹಚ್ಚಿ, ನಡೆದದ್ದು ಹೇಳಿ, ಅವನ ಕೈಗೇ ತುರುಕಿದ.

“ಅಣ್ಣ, ಕರೆಂಟ್ ಹೋದ್ರೆ ಏನಾಗುತ್ತೆ ಅಂತ ನೀವು ನೋಡ್ತಿದ್ರಾ?”

ಹೇಳಿದರೆ ಕೈಯಲ್ಲಿದ್ದದ್ದೂ ಹೋಯಿತು. ಹೇಳದಿದ್ದರೆ ಮುನಿಯಮ್ಮ ಕಣ್ಣೆದುರಿಗೇ ನಿಂತಿದ್ದಾಳೆ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ. ಬಿಸಿಲು ಏರುತ್ತಿದೆ, ಸಾಲಿನ ಕ್ಯಾನುಗಳ ಹಾಲು ಹುಳಿಯಾಗುವ ಹೊತ್ತು.

“ನೋಡ್ತಿದ್ದೆ. ಚೀಟಿ ಅರ್ಧ ಬಂದಾಗ ಪ್ಲಗ್ ಕೀಳ್ತಿದ್ದೆ” ಎಂದ, ಹಲ್ಲು ಕಚ್ಚಿ.

ಅವನು ಕಾದದ್ದು ಬೈಗುಳಕ್ಕೆ. ಯಾಕೆ ಹೇಳಲಿಲ್ಲ ಎಂದು ಅವಳು ಕೇಳಿದ್ದರೆ ತಿರುಗಿಸಿ ಕೊಡಲು ನಾಲ್ಕು ಮಾತು ನಾಲಿಗೆಯ ತುದಿಯಲ್ಲೇ ಇದ್ದವು. ಅವಳು ಕೇಳಲೇ ಇಲ್ಲ. “ಒಳ್ಳೇ ಪರೀಕ್ಷೆ ಅಣ್ಣ, ತಾಳಿ” ಎಂದು ಫೋನಿಟ್ಟಳು. ಕೆಂಪಣ್ಣ ಅವತ್ತಿನ ಚೀಟಿಗಳನ್ನು ಕೈಯಲ್ಲೇ ಬರೆದ. ಮುನಿಯಮ್ಮನ ಹಾಲು ಅವಳ ಹೆಸರಿಗೇ ಬಂತು. ಮಧ್ಯಾಹ್ನದೊಳಗೆ ಅವನ ಫೋನಿಗೆ ಪರದೆಯ ಚಿತ್ರ ಬಂತು: ಆ ಪರೀಕ್ಷೆ ಸೇರಿಸಿದೊಡನೆ ಮೂರು ದೀಪವೂ ಕೆಂಪು. ಅದನ್ನು ನೋಡಿ ಅವನು ಇನ್ನೂ ಖುಷಿಪಡುತ್ತಿರುವಾಗಲೇ ಯಾರೋ ಆ ತಪ್ಪನ್ನು ತಿದ್ದಿದರು. ಮತ್ತೊಂದು ಚಿತ್ರ ಬಂತು. ಮೂರೂ ಹಸಿರು. ಕರೆಂಟು ಹೋದಂತೆ ನಟಿಸುವ ನಾಲ್ಕು ಸಾಲು ಬರೆದು, ಪ್ಲಗ್ಗೇ ಇಲ್ಲದ ಕಡೆ ಪ್ಲಗ್ಗು ಕಿತ್ತಿದ್ದಳು ಮಹಾತಾಯಿ. ಇನ್ನು ಯಾವ ಊರಿನ ಡೈರಿಯಲ್ಲೂ ಆ ತಪ್ಪಿಗಾಗಿ ಯಾರೂ ಅವನನ್ನು ಕರೆಯುವುದಿಲ್ಲ.

ಹಿಂದೆಯೇ ಅವಳ ಫೋನು ಬಂತು. “ಇನ್ನೇನಾದ್ರೂ ಉಳಿದಿದೆಯಾ ಅಣ್ಣ?”

ಏನೂ ಉಳಿದಿರಲಿಲ್ಲ.

“ಬೇಕಾದಷ್ಟೈತೆ” ಎಂದ ಕುಪ್ಪುಸ್ವಾಮಿ. “ಎಲ್ಲಾ ಒಂದೇ ದಿನ ಕೊಡಕ್ಕಾಯ್ತದಾ?”

ಬಾಯಿ ತಪ್ಪಿ ಆಡಿದ್ದನ್ನು ಈಗ ಉಳಿಸಿಕೊಳ್ಳಬೇಕು. ಸಂಜೆ ಸುಮಲತಳ ಡೈರಿಗೆ ಹೋಗಿ ಅಂಗಿ ತೋಳು ಮಡಿಸಿ ಕೂತ. ಇಲ್ಲದ ಸದಸ್ಯರ ನಂಬರು ಒತ್ತಿದ. ಖಾಲಿ ಕ್ಯಾನು ತೂಗಿದ. ಒಂದೇ ಹೆಸರಿಗೆ ಸಾಲಾಗಿ ಹಾಲು ಬರೆದ. ಯಂತ್ರ ಪ್ರತಿಸಲವೂ ‘ಸರಿಯಾಗಿ ನೋಡಿ’ ಎಂದು ಮರ್ಯಾದೆಯಿಂದ ಹೇಳಿತು. ಆ ಮರ್ಯಾದೆ ಕಂಡರೇ ಅವನ ರಕ್ತ ಕುದಿಯಿತು.

ಸುಮಲತ ಸೊಂಟಕ್ಕೆ ಕೈಯಿಟ್ಟು ನಿಂತಳು. “ಸರಿಮಾಡಕ್ಕೆ ಬಂದಿದ್ದೀಯಾ, ಕೆಡಿಸಕ್ಕೆ ಬಂದಿದ್ದೀಯಾ ಅಣ್ಣ?”

“ಸುಮ್ನಿರಮ್ಮ. ಆಯಮ್ಮಂಗೆ ನಾಳೆ ಒಂದು ತಪ್ಪು ಹುಡುಕಿ ಕೊಡ್ಬೇಕು” ಎಂದು ಕುಪ್ಪುಸ್ವಾಮಿ ಮುಂದಿನ ಕ್ಯಾನನ್ನು ತಕ್ಕಡಿಯ ಮೇಲೆ ತಲೆಕೆಳಗಾಗಿ ಇಟ್ಟ.