ಮುಚ್ಚಳದ ಒಳಗಿನ ಹೆಸರು

ಮಹಾದೇವಿ, ಇಂಡಿ ಪಟ್ಟಣದ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ನಿನಗೆ ಸಿಗಬೇಕಿದ್ದ ಇಂಟರ್ನ್‌ಶಿಪ್ ತಪ್ಪಿಸಿದವನು ನಾನೇ. ಜಾಗ ಇಲ್ಲವಂತೆ ಎಂದಿದ್ದೆನಲ್ಲ — ಸುಳ್ಳು. ಜಾಗ ಇತ್ತು. ಆರು ವರ್ಷ ಈ ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಉಂಡಿದ್ದೇನೆ.

ಡಿಪ್ಲೊಮಾದ ಕೊನೆಯ ವರ್ಷ ನೀನು ಕನ್ನೊಳ್ಳಿಯಿಂದ ಬಸ್ಸು ಹಿಡಿದು ಸಿಂದಗಿಯ ನನ್ನ ಟಿವಿ ರಿಪೇರಿ ಅಂಗಡಿಗೆ ಕೆಲಸ ಕಲಿಯಲು ಬರುತ್ತಿದ್ದೆ. ಕಂಪ್ಯೂಟರ್ ಅಂಗಡಿಯೊಂದರಲ್ಲಿ ಮೂರು ತಿಂಗಳು ಕೆಲಸ ಕಲಿತ ಪತ್ರ ತರದಿದ್ದರೆ ನಿನ್ನ ಕೋರ್ಸು ಮುಗಿಯುತ್ತಿರಲಿಲ್ಲ. ಹುಡುಗಿ ಎಂದು ಎರಡು ಅಂಗಡಿಯವರು ಒಲ್ಲೆ ಎಂದಿದ್ದರು. "ಕಾಕಾ, ನೀವೊಂದ್ ಮಾತ್ ಹೇಳ್ರಿ, ಸಾಕು" ಎಂದು ಕೇಳಿಕೊಂಡೆ ನೀನು. ಇಂಡಿಯ ಶಿವಾನಂದ ನನ್ನ ಕೈಯಲ್ಲೇ ಬೆಸುಗೆ ಕಲಿತವನು. ಫೋನ್ ಮಾಡಿದೆ. "ನೀವು ಆಕಿ ಕೈ ನೋಡಿ ಹೇಳ್ರಿ ಉಸ್ತಾದ್ರ, ನಾ ಕಣ್ಣ ಮುಚ್ಚಿ ತಗೋತೇನಿ" ಎಂದ. ನಮ್ಮ ಕಸುಬಿನಲ್ಲಿ ಅಷ್ಟೇ — ಉಸ್ತಾದನ ಮಾತೇ ಸರ್ಟಿಫಿಕೇಟು.

ಆ ವಾರವೇ ಝೆರಾಕ್ಸ್ ಅಂಗಡಿಯ ರೇವಣಸಿದ್ದ ತನ್ನ ಕಂಪ್ಯೂಟರ್ ತಂದಿದ್ದ. ಬೋರ್ಡು ಸತ್ತಿದೆ, ಹೊಸದು ತಗೋ ಎಂದು ನಾನು ಕೈಚೆಲ್ಲಿದ್ದೆ. ನಾನು ಊಟ ಮಾಡಿ ಬರುವಷ್ಟರಲ್ಲಿ ನೀನು ಅದನ್ನು ಬಿಚ್ಚಿ, ಉಬ್ಬಿದ್ದ ಎರಡು ಕೆಪಾಸಿಟರ್ ಬದಲಿಸಿ, ಮುಚ್ಚಳ ಹಾಕಿ, ಚಾಲೂ ಮಾಡಿ ಇಟ್ಟಿದ್ದೆ.

ರೇವಣಸಿದ್ದ ಅಂಗಡಿಯ ತುಂಬ ನಕ್ಕ. "ಏನ್ರಿ ಉಸ್ತಾದ್ರ, ನೀವು ಹೆಣಾ ಅಂದ್ರಿ, ಈಕಿ ಎಬ್ಬಿಸಿ ಕುಂದ್ರಿಸ್ಯಾಳ! ಇನ್ನ ಅಂಗಡಿ ಬೋರ್ಡಿನ ಮ್ಯಾಲ ಈಕಿ ಹೆಸರ ಬರಸ್ರಿ."

"ಕಾಕಾನ ಕಲಿಸ್ಯಾರ್ರಿ" ಎಂದು ನೀನು ತಲೆ ತಗ್ಗಿಸಿದೆ. ನಾನೂ ನಕ್ಕೆ. ಆದರೆ ಒಳಗೆ —

ಮರುದಿನ ಶಿವಾನಂದನ ಫೋನು. "ಹುಡುಗಿ ಕೈ ಹ್ಯಾಂಗೈತ್ರಿ?"

"ಕೇಳಲಾರದ ಬಿಚ್ಚತಾಳಪಾ."

ಇಷ್ಟೇ ಹೇಳಿದ್ದು. ಕೇಳದೆ ಬಿಚ್ಚುತ್ತಾಳೆ ಎಂದರೆ ಗಿರಾಕಿಯ ಸಾಮಾನನ್ನು ನಂಬಿ ಒಪ್ಪಿಸಬೇಡ ಎಂದು ಅರ್ಥ, ನಮ್ಮ ಕಸುಬಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಅದೇನು ಪೂರ್ತಿ ಸುಳ್ಳೇ ಎಂದು ನನ್ನನ್ನು ನಾನೇ — ಬೇಡ, ಆ ಮಾತು ಬೇಡ.

"ಇಂಡಿಯಿಂದ ಫೋನ್ ಬಂತೇನ್ರಿ ಕಾಕಾ?" ಎಂದು ಎರಡು ತಿಂಗಳು ಕೇಳಿದೆ ನೀನು. ಕೊನೆಗೆ ಜಾಗ ಇಲ್ಲವಂತೆ ಎಂದಾಗ ನನ್ನನ್ನೇ ಸಮಾಧಾನ ಮಾಡಿದೆ: "ಇರಲಿ ಬಿಡ್ರಿ, ನೀವು ನನಗ ಭಾಳ ಮಾಡೀರಿ." ಪತ್ರವಿಲ್ಲದೆ ಕೋರ್ಸು ನಿಂತಿತು. ಈಗ ಬಸವನ ಬಾಗೇವಾಡಿಯ ಅಂಗಡಿಯೊಂದರಲ್ಲಿ ಮೊಬೈಲ್ ಕವರು, ಚಾರ್ಜರು ಮಾರುತ್ತೀಯಂತೆ. ಬಿಚ್ಚುವ ಕೆಲಸ ಅಲ್ಲಿ ಬೇರೆಯವರದಂತೆ.

ಹೋದ ತಿಂಗಳು ರೇವಣಸಿದ್ದ ಆ ಕಂಪ್ಯೂಟರನ್ನು ಗುಜರಿಗೆ ಹಾಕುವ ಬದಲು ನನಗೆ ತಂದುಕೊಟ್ಟ. ಮುಚ್ಚಳ ತೆಗೆದೆ. ರಿಪೇರಿ ಮಾಡಿದವರು ಮುಚ್ಚಳದ ಒಳಗೆ ತಮ್ಮ ಹೆಸರು, ತಾರೀಖು ಬರೆಯಬೇಕೆಂದು ನಿನಗೆ ಹೇಳಿಕೊಟ್ಟವನು ನಾನೇ ಅಲ್ಲವೇ. ನಿನ್ನ ದುಂಡಗಿನ ಅಕ್ಷರ. ತಾರೀಖು ಅದೇ ದಿನದ್ದು. ಹೆಸರು ಮಾತ್ರ — ನನ್ನದು.

ರೇವಣಸಿದ್ದ ನಗುವುದಕ್ಕೂ ಮೊದಲೇ ನೀನು ಅದನ್ನು ಬರೆದು ಸ್ಕ್ರೂ ಬಿಗಿದಿದ್ದೆ.

ಶಿವಾನಂದನಿಗೆ ನಿಜ ಹೇಳಿದೆ. "ನಾ ನಿಮ್ಮನ್ನ ನಂಬಿದ್ನಲ್ರಿ" ಎಂದು ಫೋನ್ ಇಟ್ಟ. ನೀನೂ ಅದನ್ನೇ ಹೇಳಬಹುದು. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಸೋಮವಾರ ಆ ಮುಚ್ಚಳ ಹಿಡಿದು ಬಾಗೇವಾಡಿಗೆ ಬರುತ್ತೇನೆ. ನನ್ನ ಹೆಸರು ಹೊಡೆದು ಹಾಕಿದ್ದೇನೆ. ನಿನ್ನದನ್ನು ಬರೆದಿಲ್ಲ — ನಿನ್ನನ್ನು ಕೇಳದೆ ಅದನ್ನು ಬರೆಯುವ ಹಕ್ಕೂ ನನಗೆ ಉಳಿದಿಲ್ಲ.