ಎರಡನೇ ನಂಬರಿನ ಡಬ್ಬ

ಮಲ್ಪೆಯ ಶೀನಪ್ಪ ದುಬೈಯ ಒಂದು ಟಗ್ಗಿನಲ್ಲಿ ಹಗ್ಗದ ಮೇಸ್ತ್ರಿ. ದೊಡ್ಡ ಹಡಗುಗಳನ್ನು ಎಳೆಯುವ ಆ ಪುಟ್ಟ ದೋಣಿಯ ಮೇಲೆ ಇಪ್ಪತ್ತೆರಡು ವರ್ಷ ನಿಂತು ಅವನ ಕಾಲುಗಳು ಎಷ್ಟು ಅಗಲವಾಗಿದ್ದವೆಂದರೆ, ನೆಲದ ಮೇಲೆ ನಡೆದು ಬಂದರೆ ನಡುವೆ ಒಂದು ಪಿಕಪ್ ಹಾಯಬಹುದಿತ್ತು.

ಅವನದೊಂದು ಪದ್ಧತಿ. ಹಗ್ಗ ಬಿಗಿಯುವ ಮೊದಲು, ಅದು ಕಡಿದರೆ ಬಂದು ಬಡಿಯುವ ಜಾಗದಲ್ಲಿ ಕೆಂಪು ಬಣ್ಣ ಬಳಿದ ಖಾಲಿ ತುಪ್ಪದ ಡಬ್ಬ ಇಡುತ್ತಿದ್ದ. ಡಬ್ಬದ ಹತ್ತಿರ ಯಾರೂ ಸುಳಿಯಬಾರದು. ಹಗ್ಗ ಕಡಿದು ಮೂರು ಡಬ್ಬ ಹಾರಿಹೋಗಿದ್ದವು. ಮೂರನೆಯದು ಇರಾನಿನ ಯಾರದೋ ಅಂಗಳದಲ್ಲಿ ಬಿದ್ದು, ಅವರು ತುಪ್ಪವೆಲ್ಲಿ ಎಂದು ಕೇಳಿ ಕಳಿಸಿದ್ದರು. ಮನುಷ್ಯರು ಮಾತ್ರ ಒಬ್ಬರೂ ಹಾರಿರಲಿಲ್ಲ.

೨೦೦೬ರಲ್ಲಿ ಕಂಪನಿಗೆ ಜ್ಞಾನೋದಯವಾಯಿತು. ರಾಸ್ ಅಲ್ ಖೋರ್‌ನ ಗ್ಯಾರೇಜುಗಳ ನಡುವೆ, ಸಮುದ್ರದ ವಾಸನೆಯೂ ತಲುಪದ ಆಫೀಸಿನಿಂದ ಸುತ್ತೋಲೆ ಬಂತು: ಎಲ್ಲರೂ ಆನ್‌ಲೈನ್ ಕೋರ್ಸ್ ಪಾಸಾಗಬೇಕು, ಮೂರು ಸಲ ಫೇಲಾದವರ ವೀಸಾ ನವೀಕರಿಸುವುದಿಲ್ಲ. ಕೋರ್ಸ್ ತಯಾರಿಸಿದವನು ಆ ಆಫೀಸಿನಲ್ಲಿದ್ದ ಬೆಂಗಳೂರಿನ ಗುರುದತ್ತ. ಅಲೆಯನ್ನು ಅವನು ಕಂಡದ್ದು ಹೋಟೆಲಿನ ಕಿಟಕಿಯಿಂದ. ಅವನ ಕೋರ್ಸಿನ ನಾವಿಕರು ಉಣ್ಣೆಯ ಟೊಪ್ಪಿ ಹಾಕಿಕೊಂಡು ಡೆಕ್ಕಿನ ಮೇಲಿನ ಹಿಮ ಗುಡಿಸುತ್ತಿದ್ದರು. ಟಗ್ಗಿನಲ್ಲಿ ಇಂಟರ್ನೆಟ್ ಇಲ್ಲವಾದ್ದರಿಂದ ಜನ ಪಾಳಿ ಮುಗಿಸಿ ಆಫೀಸಿಗೇ ಬರಬೇಕು. ಇದ್ದದ್ದು ಒಂದೇ ಕಂಪ್ಯೂಟರು. ಗಡ್ಡ ಬೋಳಿಸಿಕೊಂಡು ಕೂತವನಿಗೆ ಮುಂದಿನ ಪುಟ ತೆರೆಯುವಷ್ಟರಲ್ಲಿ ಗಡ್ಡ ಎದೆಗಿಳಿಯುತ್ತಿತ್ತು.

ಹದಿನೇಳನೇ ಪ್ರಶ್ನೆ ಕಡ್ಡಾಯ; ಅದು ತಪ್ಪಿದರೆ ಫೇಲು. ಡೆಕ್ಕಿನ ಚಿತ್ರದಲ್ಲಿ ನಾಲ್ಕು ನಂಬರು. ಹಗ್ಗ ಬಿಗಿದಾಗ ಎಲ್ಲಿ ನಿಲ್ಲುವುದು ಕ್ಷೇಮ? ಶೀನಪ್ಪ ನಾಲ್ಕನ್ನು ಒತ್ತಿದ, ಕ್ಯಾಬಿನ್ನಿನ ಮರೆ. ತಪ್ಪು ಎಂದಿತು ಯಂತ್ರ. ಸರಿಯುತ್ತರ ಎರಡು. ಸಾಕ್ಷಾತ್ ಡಬ್ಬದ ಜಾಗ!

ಎರಡನೇ ಸಲವೂ ಅವನು ನಾಲ್ಕನ್ನೇ ಒತ್ತಿ ಫೇಲಾದ. ಆಫೀಸಿನ ಗುಮಾಸ್ತ ಪಾಯ್ಸ್ ತಲೆ ಚಚ್ಚಿಕೊಂಡ.

"ಎಂತ ಮಾರಾಯ ನೀನು! ಎರಡು ಒತ್ತು, ಖಲಾಸ್. ನನ್ನ ಚೀಟಿ ನೋಡಿ ಮೂವತ್ತಾರು ಜನ ಪಾಸು. ಒಬ್ಬ ನಿದ್ದೆಯಲ್ಲೇ ಒತ್ತಿದ್ದು!"

"ಅಲ್ಲಿ ನಿಂತ್ರೆ ಸಾಯ್ತಾರೆ ಪಾಯ್ಸ್."

"ಕಂಪ್ಯೂಟರಿನಲ್ಲಿ ಯಾರು ಸಾಯ್ತಾರೆ?"

"ಕೈಗೆ ಅಭ್ಯಾಸ ಆಗ್ತದೆ. ಆಮೇಲೆ ಕಾಲೂ ಅಲ್ಲಿಗೇ ಹೋಗ್ತದೆ."

ಉಳಿದದ್ದು ಒಂದೇ ಸಲ. ಅದೂ ಹೋದರೆ ಮಂಗಳೂರಿನ ವಿಮಾನ. ಮೂವತ್ತೇಳಕ್ಕೆ ಮೂವತ್ತೇಳೂ ಪಾಸು ಎಂದು ಮೆರೆಯಲು ಹೊರಟಿದ್ದ ಗುರುದತ್ತನಿಗೆ ಈ ಒಬ್ಬ ಹಲ್ಲಿನ ಸಂದಿಯ ನಾರಾದ. ಬುದ್ಧಿ ಹೇಳಲು ಖುದ್ದು ಟಗ್ಗಿಗೇ ಬಂದ. ಶರಟಿನ ಇಸ್ತ್ರಿ ಎಷ್ಟು ಚೂಪಾಗಿತ್ತೆಂದರೆ ಗಾಳಿಗೇ ಗಾಯವಾಗುತ್ತಿತ್ತು.

"ನೋಡಿ ಶೀನಪ್ಪನೋರೆ, ಇದು ಇಂಟರ್‌ನ್ಯಾಷನಲ್ ಕಂಟೆಂಟು. ಸಿಸ್ಟಮ್ ಹೇಳಿದ್ಮೇಲೆ ಮುಗೀತು."

"ಆಯ್ತು ಸಾರ್. ಸಿಸ್ಟಮ್ ಹೇಳಿದಲ್ಲೇ ನಿಲ್ಲಿ. ಒಂದು ಫೋಟೋ ತೆಗೆಯುವ."

ಗುರುದತ್ತ ಎರಡನೇ ನಂಬರಿನ ಜಾಗದಲ್ಲಿ ಎದೆಯುಬ್ಬಿಸಿ ನಿಂತ. ಶೀನಪ್ಪ ಅವನ ಕಾಲ ಬುಡದಲ್ಲಿ ಕೆಂಪು ಡಬ್ಬ ಇಟ್ಟು, ಕ್ಯಾಪ್ಟನ್ನಿಗೆ ಕೈಬೀಸಿದ. ಟಗ್ಗು ಮೆಲ್ಲಗೆ, ಬಹಳ ಮೆಲ್ಲಗೆ ಸರಿಯಿತು. ದಕ್ಕೆಯ ಗೂಟಕ್ಕೆ ಕಟ್ಟಿ ನೀರಿನಲ್ಲಿ ಜೋಲುಬಿದ್ದಿದ್ದ ಹಗ್ಗ ಮೇಲೆದ್ದು, ಹಿಂಡಿದಂತೆ ನೀರು ಉಗುಳಿ, ಒಮ್ಮೆ ಕಿರ್ರೆಂದಿತು. ಅಷ್ಟೇ. ಶೀನಪ್ಪ ಕೈಯೆತ್ತಿ ಟಗ್ಗು ನಿಲ್ಲಿಸಿ ತಿರುಗಿ ನೋಡಿದರೆ, ಎರಡನೇ ನಂಬರಿನಲ್ಲಿ ಗುರುದತ್ತನ ಒಂದು ಬೂಟು ಮಾತ್ರ ಇತ್ತು. ಆಸಾಮಿ ಕ್ಯಾಬಿನ್ನಿನ ಮರೆಯಲ್ಲಿ ಗೋಡೆಗೆ ಬಣ್ಣದಂತೆ ಅಂಟಿಕೊಂಡಿದ್ದ.

"ಅದು ನಾಲ್ಕು ಸಾರ್," ಎಂದ ಶೀನಪ್ಪ, ಬೂಟು ಕೊಡುತ್ತ. "ನೀವೂ ಫೇಲು."

ಮರುವಾರ ಕೋರ್ಸು 'ಸುಧಾರಿಸಿತು'. ಸರಿಯುತ್ತರ ನಾಲ್ಕಾಯಿತು. ಸುಧಾರಣೆಗಾಗಿ ಗುರುದತ್ತನಿಗೆ ಗಾಜಿನ ಫಲಕ ಸಿಕ್ಕಿತು. ಅದರ ಮೇಲೂ ಹಿಮದ ಚಿತ್ರ. ಶೀನಪ್ಪ ಮೂರನೇ ಸಲ ನಾಲ್ಕೇ ಒತ್ತಿ ಪಾಸಾದ, ವೀಸಾ ಉಳಿಯಿತು. ಹೊಸ ಉತ್ತರಕ್ಕೆಂದು ಮತ್ತೆ ಪರೀಕ್ಷೆಗೆ ಕೂರಿಸಿದ ಮೂವತ್ತಾರು ಮಂದಿ ಹಳೇ ಚೀಟಿ ನಂಬಿ ಎರಡನ್ನೇ ಒತ್ತಿ, ಸಾಲಾಗಿ ಫೇಲಾದರು.

ಪಾಯ್ಸ್ ಓಡೋಡಿ ಟಗ್ಗಿಗೆ ಬಂದ. "ಹೊಸ ಚೀಟಿಗೆ ಉತ್ತರ ಹೇಳು ಮಾರಾಯ!"

"ಚೀಟಿ ಮಾಫಿ, ಇಲ್ಲವೇ ಇಲ್ಲ. ದಿನಾ ಆರಾರು ಜನರನ್ನು ಇಲ್ಲಿಗೆ ಕಳಿಸು. ಹಗ್ಗದ ಸ್ವರ ಕೇಳಿ, ಆಮೇಲೆ ಹೋಗಿ ಒತ್ತಲಿ." ಶೀನಪ್ಪ ಬಗ್ಗಿ ಅವನ ಕಾಲ ಬುಡದಲ್ಲೇ ಡಬ್ಬ ಇಟ್ಟ. "ಮೊದಲು ನೀನು ಅಲ್ಲಿಂದ ಆಚೆ ಹೋಗು."