ಎರಡನೇ ಮಹಡಿಯ ಅಕ್ಕ ಕಟ್ಟಿದ ಸಮ್ಮೇಳನ

ಆ ಕಟ್ಟಡದಲ್ಲಿ ಆಕೆಯನ್ನು ಎಲ್ಲರೂ ಎರಡನೇ ಮಹಡಿಯ ಅಕ್ಕ ಎಂದೇ ಕರೆಯುತ್ತಿದ್ದರು. ನೆಲಮಹಡಿಯಲ್ಲಿ ಗಂಡನ ಹೊಲಿಗೆ ಅಂಗಡಿ, ಎರಡನೇ ಮಹಡಿಯಲ್ಲಿ ಮನೆ, ಮನೆಯ ಮುಂದಿನ ಕೋಣೆಯೇ ಅಕ್ಕನ ಆಫೀಸು. ರಕ್ತಪರೀಕ್ಷೆ ಮಾಡುವ ಲ್ಯಾಬುಗಳಿಗೆ ಪ್ರೋಗ್ರಾಂ ಬರೆದುಕೊಡುವುದು ಆಕೆಯ ಕಸುಬು. ಹಾಗಂತ ಕಾಲೇಜಿನಲ್ಲಿ ಓದಿ ಬಂದವಳೇನಲ್ಲ. ಮೊದಲು ಒಂದು ಲ್ಯಾಬಿನಲ್ಲಿ ರಿಪೋರ್ಟ್ ಟೈಪು ಮಾಡುವ ಕೆಲಸಕ್ಕಿದ್ದಳು. ದಿನವಿಡೀ ಅವೇ ಸಾಲುಗಳನ್ನು ಹೊಡೆದೂ ಹೊಡೆದೂ ರೋಸಿಹೋಗಿ, ಮೂವತ್ತನಾಲ್ಕನೇ ವಯಸ್ಸಿನಲ್ಲಿ ಒಂದು ಪುಸ್ತಕ ತಂದು ಕೂತು ತಾನೇ ಕಲಿತಳು. ಈಗ ನಲವತ್ತೊಂಬತ್ತು.

ಮನೆಯಲ್ಲಿ ಆಕೆಯ ಕೆಲಸದ ಬಗ್ಗೆ ನಿಜವಾದ ಕುತೂಹಲವಿದ್ದದ್ದು ಅತ್ತೆಗೆ. ಅತ್ತೆ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ದುಡಿದವರು. ಊರಿನ ಯಾವ ಮನುಷ್ಯ ಯಾವ ಮನುಷ್ಯನ ಜೊತೆ ಮಾತು ಬಿಟ್ಟಿದ್ದಾನೆ ಎಂಬುದು ಅವರಿಗೆ ಇವತ್ತಿಗೂ ಬಾಯಿಪಾಠ. ಸೊಸೆ ಪರದೆಯ ಮುಂದೆ ಕೂತು ಗೊಣಗಿದಾಗಲೆಲ್ಲ ಕುರ್ಚಿ ಎಳೆದುಕೊಂಡು ಬಂದು, ಏನಾಯಿತು, ಲೈನು ಎಲ್ಲಿ ಕಟ್ಟಾಯಿತು ಎಂದು ವಿಚಾರಿಸುವರು. ಅಕ್ಕನ ಗಂಡನಾದರೋ, ಹೊಲಿಗೆ ಯಂತ್ರದ ಸೂಜಿ ಮುರಿದರೆ ಕಣ್ಣಿಗೆ ಕಾಣುತ್ತದೆ, ನಿನ್ನದರಲ್ಲಿ ಏನು ಮುರಿಯಿತು ಎಂದೇ ಕಾಣುವುದಿಲ್ಲವಲ್ಲ ಎಂದು ಕನಿಕರಪಟ್ಟು ಸುಮ್ಮನಾಗುವನು.

ಆ ವರ್ಷ ಅಕ್ಕನ ತಲೆ ತಿಂದದ್ದು ರೋಗಿಗಳ ಹೆಸರುಗಳು. ಒಬ್ಬನೇ ಮನುಷ್ಯ ಒಂದು ಸಲ ತಂದೆಯ ಹೆಸರಿನ ಮೊದಲಕ್ಷರ ಸೇರಿಸಿ ಬರೆಸುತ್ತಾನೆ, ಇನ್ನೊಂದು ಸಲ ಬಿಡುತ್ತಾನೆ, ಮೂರನೇ ಸಲ ಟೈಪು ಮಾಡುವವರು ದೀರ್ಘ ನುಂಗಿರುತ್ತಾರೆ. ಹೋದ ತಿಂಗಳ ರಿಪೋರ್ಟು ಯಾರದು, ಈ ತಿಂಗಳದು ಯಾರದು ಎಂದು ಕೂಡಿಸುವಾಗ ಎಡವಟ್ಟಾದರೆ ಡಾಕ್ಟರು ಯಾರದೋ ರಕ್ತ ನೋಡಿ ಇನ್ಯಾರಿಗೋ ಔಷಧಿ ಬರೆದಾರು. ಹೆಸರನ್ನು ಹೇಗೆ ಬರೆದರೂ ಇವರಿಬ್ಬರೂ ಒಬ್ಬರೇ ಇರಬಹುದು, ನೋಡಿ ಎಂದು ಎಚ್ಚರಿಸುವ ಒಂದು ಪುಟ್ಟ ಸಾಧನವನ್ನು ಅಕ್ಕ ಐದು ತಿಂಗಳು ಜೀವ ತೇಯ್ದು ಬರೆದಳು.

ಬರೆದು ಮುಗಿಸಿದ ವಾರವೇ ಕಟ್ಟಡದ ಲಿಫ್ಟು ಕೆಟ್ಟಿತು. ನಾಲ್ಕನೇ ಮಹಡಿಯಲ್ಲಿ ಗ್ರಂಥಾಲಯಗಳಿಗೆ ಪ್ರೋಗ್ರಾಂ ಬರೆಯುವ ಒಬ್ಬರಿದ್ದರು. ಅಕ್ಕನಿಗಿಂತ ಹತ್ತು ವರ್ಷ ದೊಡ್ಡವರು, ಆದರೂ ಕಟ್ಟಡದ ರೂಢಿಯಂತೆ ಅವರೂ ಅಕ್ಕ ಎನ್ನುವವರೇ. ಲಿಫ್ಟಿನಲ್ಲಿ ಸಿಕ್ಕಾಗ ತಲೆಯಾಡಿಸಿದ್ದು ಬಿಟ್ಟರೆ ಆರು ವರ್ಷದಲ್ಲಿ ಮಾತು ಬೆಳೆದಿರಲಿಲ್ಲ. ಅವತ್ತು ಮಧ್ಯಾಹ್ನ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಎರಡನೇ ಮಹಡಿಯಲ್ಲಿ ನಿಂತವರನ್ನು ಅಕ್ಕ ಒಳಗೆ ಕರೆದು ನೀರು ಕೊಟ್ಟಳು. ಲೋಟ ಕೈಯಲ್ಲಿ ಹಿಡಿದವರ ಕಣ್ಣು ಪರದೆಯ ಮೇಲೆ ಬಿತ್ತು. ಸಾಲು ಸಾಲು ಹೆಸರುಗಳು, ಕೆಲವಕ್ಕೆ ಹಳದಿ ಬಣ್ಣ.

"ಕೊನೇ ಅಕ್ಷರದ ದೀರ್ಘ ನಿಮಗೂ ಕಾಟ ಕೊಡ್ತಾ, ಅಕ್ಕ?" ಎಂದರು ಅವರು.

ಅವರು ಲೋಟ ಇಟ್ಟು, ಮೇಲೆ ಹೋಗಿ, ತಮ್ಮ ಲ್ಯಾಪ್‌ಟಾಪ್ ಹಿಡಿದು ಮತ್ತೆ ಇಳಿದು ಬಂದರು. ಗ್ರಂಥಾಲಯದ ಸದಸ್ಯರ ಹೆಸರುಗಳನ್ನು ಕೂಡಿಸಲು ಅವರೂ ಅದೇ ಸಾಧನ ಬರೆದಿದ್ದರು. ಮೂರು ವರ್ಷದ ಕೆಳಗೆ. ಅಕ್ಕನನ್ನು ಒಂದು ತಿಂಗಳು ಅಳಿಸಿದ ತೊಡಕನ್ನು ಅವರು ಹನ್ನೊಂದು ಸಾಲಿನಲ್ಲಿ ಬಿಡಿಸಿದ್ದರು. ಅವರು ಕೈಚೆಲ್ಲಿದ್ದ ಒಂದು ತೊಡಕನ್ನು ಅಕ್ಕ ಎರಡೇ ದಿನದಲ್ಲಿ ಬಿಡಿಸಿದ್ದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಒಳಗಿನಿಂದ ಅತ್ತೆ ಬಂದು ಏನೆಂದು ಕೇಳಿ, ವಿಷಯ ತಿಳಿದ ಮೇಲೆ ನಗಲಿಲ್ಲ. ಒಂದೇ ಬೋರ್ಡಿನಲ್ಲಿ ಎರಡು ವೈರು ಪಕ್ಕಪಕ್ಕ ಇದ್ದೂ ಜೋಡಿಸುವವರಿಲ್ಲ ಎಂದರೆ ಅದು ಆಪರೇಟರಿನ ತಪ್ಪು ಎಂದರು.

ಆ ಮಾತು ಅಕ್ಕನ ಮನಸ್ಸಿನಲ್ಲಿ ಬೇರೂರಿತು. ಒಂದೇ ಕಟ್ಟಡದಲ್ಲಿ ಹೀಗಾದರೆ ಊರಿಡೀ ಎಷ್ಟು ಮಂದಿ ಒಂಟಿಯಾಗಿ ಕೂತು ಒಂದೇ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿರಬಹುದು? ಕಾರ್ಖಾನೆಗೆ ಬರೆಯುವವರು, ಶಾಲೆಗೆ ಬರೆಯುವವರು, ಬಸ್ಸಿನ ವೇಳಾಪಟ್ಟಿಗೆ ಬರೆಯುವವರು, ಎಲ್ಲರೂ ಸೇರಿದರೆ ಐವತ್ತಾದರೂ ಆಗುತ್ತಾರೆ. ಅವರನ್ನೆಲ್ಲ ಒಂದು ದಿನ ಒಂದು ಕಡೆ ಕೂರಿಸಬೇಕು ಎಂದು ನಿರ್ಧರಿಸಿದಳು. ಭಾಷಣ ಬೇಡ, ಹಾರ ಬೇಡ. ಬರುವ ಪ್ರತಿಯೊಬ್ಬರೂ ತಮ್ಮ ಅನುಕೂಲಕ್ಕೆಂದು ತಾವೇ ಬರೆದುಕೊಂಡ ಒಂದು ಸಾಧನ ತರಬೇಕು, ಹತ್ತು ನಿಮಿಷ ತೋರಿಸಬೇಕು, ಎಲ್ಲರಿಗೂ ಬಿಟ್ಟುಹೋಗಬೇಕು. ಮಾರುವ ಮಾತು ಎತ್ತುವಂತಿಲ್ಲ.

ಹೇಳಿದಷ್ಟು ಸುಲಭವಾಗಿರಲಿಲ್ಲ. ಅಕ್ಕ ಪತ್ರ ಬರೆದಳು, ಮೂವರು ಉತ್ತರಿಸಿದರು. ಆಫೀಸುಗಳ ಮೆಟ್ಟಿಲು ಹತ್ತಿದಳು. ಕೆಲವರು ಗುಟ್ಟು ಕದಿಯಲು ಬಂದವಳಂತೆ ಅನುಮಾನದಿಂದ ನೋಡಿ ಪರದೆ ಆರಿಸಿದರು. ಹೆಚ್ಚಿನವರದು ಅನುಮಾನವಲ್ಲ, ನಾಚಿಕೆ. ನನ್ನದು ಹರಕು ಮುರುಕು, ನಾಲ್ಕು ಜನರ ಮುಂದೆ ತೋರಿಸುವಂಥದ್ದಲ್ಲ ಎನ್ನುವುದೇ ಎಲ್ಲರ ಪಲ್ಲವಿ. ಆಗ ಅತ್ತೆ ಫೋನು ಕೈಗೆತ್ತಿಕೊಂಡರು. ದಿನಾ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ, ಹಳೆಯ ಡ್ಯೂಟಿಯ ದನಿಯಲ್ಲಿ ಒಬ್ಬೊಬ್ಬರಿಗೂ ಕರೆ. ಬಿಡುವಿಲ್ಲ ಎಂದವರಿಗೆ, ಹಾಗಾದರೆ ಯಾವ ದಿನ ಬಿಡುವು ಎಂದು ಕೇಳಿ ಕಾಯುವರು. ಆ ಮೌನ ತಡೆಯಲಾರದೆಯೇ ಅರ್ಧ ಜನ ಒಪ್ಪಿಕೊಂಡರು.

ಊರಿನ ಅತಿ ದೊಡ್ಡ ಸಾಫ್ಟ್‌ವೇರ್ ಆಫೀಸಿನ ಮಾಲೀಕರು ಮಾತ್ರ ತಾವಾಗಿಯೇ ಅಕ್ಕನನ್ನು ಕರೆಸಿಕೊಂಡರು. ಹವಾನಿಯಂತ್ರಿತ ಸಭಾಂಗಣ ಕೊಡುವುದಾಗಿಯೂ ಊಟ ತಾವೇ ನೋಡಿಕೊಳ್ಳುವುದಾಗಿಯೂ ಹೇಳಿದರು. ಬದಲಿಗೆ ವೇದಿಕೆಯ ಮೇಲೆ ತಮ್ಮ ಬ್ಯಾನರು ಇರಬೇಕು, ಬೆಳಗಿನ ಹೊತ್ತೆಲ್ಲ ತಮ್ಮ ಹೊಸ ಪ್ರೋಗ್ರಾಂ ಪರಿಚಯಿಸಬೇಕು. ಅಕ್ಕನಿಗೆ ಆಸೆ ಆಗಲಿಲ್ಲವೆಂದಲ್ಲ. ಎರಡು ತಿಂಗಳ ತಿರುಗಾಟದಿಂದ ಆಕೆಯ ಹಿಮ್ಮಡಿ ಒಡೆದಿತ್ತು.

"ಸರ್, ನೀವೂ ಬನ್ನಿ. ಒಂದು ಸಾಧನ ತನ್ನಿ, ಹತ್ತು ನಿಮಿಷ ತೋರ್ಸಿ. ಎಲ್ರಿಗೂ ಅಷ್ಟೇ," ಎಂದಳು.

ಅವರು ನಗುತ್ತಲೇ ಬೀಳ್ಕೊಟ್ಟರು. ಮರುದಿನ ತಮ್ಮ ಆಫೀಸಿನವರು ಯಾರೂ ಆ ಕಡೆ ತಲೆ ಹಾಕಬಾರದೆಂದು ಸೂಚನೆ ಹೊರಡಿಸಿದರು.

ಸಮ್ಮೇಳನಕ್ಕೆ ಐದು ದಿನವಿದೆ ಎನ್ನುವಾಗ ಇನ್ನೊಂದು ಪೆಟ್ಟು ಬಿತ್ತು. ನರ್ಸಿಂಗ್ ಶಾಲೆಯ ಸಭಾಂಗಣ ಗೊತ್ತುಮಾಡಿಯಾಗಿತ್ತು, ಅಲ್ಲಿ ಇದ್ದಕ್ಕಿದ್ದಂತೆ ಪರೀಕ್ಷೆ ಇಟ್ಟರು. ನಾಲ್ಕನೇ ಮಹಡಿಯವರು ಮುಖ ಸಪ್ಪೆ ಮಾಡಿಕೊಂಡು, ಮುಂದಿನ ತಿಂಗಳಿಗೆ ಹಾಕೋಣ ಎಂದರು. ಅಕ್ಕ ಒಪ್ಪಲಿಲ್ಲ. ಒಂದು ಸಲ ಮುಂದೂಡಿದರೆ, ಒಲ್ಲದ ಮನಸ್ಸಿನಿಂದ ಹೂಂ ಎಂದವರೆಲ್ಲ ಜಾರಿಕೊಳ್ಳುತ್ತಾರೆ ಎಂಬುದು ಆಕೆಗೆ ಗೊತ್ತಿತ್ತು. ಗಿರಣಿ, ಗೋದಾಮು, ಮುಚ್ಚಿದ ಸಿನಿಮಾ ಮಂದಿರ ಎಂದು ಎರಡು ದಿನ ಅಲೆದಳು. ಕೊನೆಗೆ ದಾರಿ ತೋರಿಸಿದವನು ಗಂಡ. ಡ್ರೈವಿಂಗ್ ಶಾಲೆಯ ಮೇಷ್ಟ್ರುಗಳಿಗೆ ಸಮವಸ್ತ್ರ ಹೊಲಿದುಕೊಟ್ಟಿದ್ದನಂತೆ. ಅಲ್ಲೊಂದು ಪಾಠದ ಹಾಲ್ ಇದೆ, ವಾರದ ರಜೆಯ ದಿನ ಖಾಲಿ ಬಿದ್ದಿರುತ್ತದೆ ಎಂದ. ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ ಎಂದು ಅಕ್ಕ ಕೇಳಿದ್ದಕ್ಕೆ, ನೀನು ಕೇಳಲಿಲ್ಲವಲ್ಲ ಎಂದ.

ಹಾಗಾಗಿ ಸಮ್ಮೇಳನ ನಡೆದದ್ದು ಡ್ರೈವಿಂಗ್ ಶಾಲೆಯಲ್ಲಿ. ಗೋಡೆಯ ತುಂಬ ರಸ್ತೆಯ ಚಿಹ್ನೆಗಳು. ಮಾತಾಡುವವರು ನಿಲ್ಲುವ ಜಾಗದ ಹಿಂದೆಯೇ ಹಾರ್ನ್ ಮಾಡಬಾರದು ಎಂಬ ಫಲಕ. ಮೂಲೆಯಲ್ಲಿ ಚಕ್ರವಿಲ್ಲದ ಅರ್ಧ ಕಾರು. ಬಾಗಿಲ ಬಳಿ ಮೇಜು ಹಾಕಿಕೊಂಡು ಅತ್ತೆ ಕೂತಿದ್ದರು. ಒಳಗೆ ಹೋಗುವ ಮುಂಚೆ ಪ್ರತಿಯೊಬ್ಬರೂ ತಮ್ಮ ಸಾಧನ ಏನು ಮಾಡುತ್ತದೆಂದು ಅವರ ಪುಸ್ತಕದಲ್ಲಿ ಒಂದೇ ವಾಕ್ಯದಲ್ಲಿ ಬರೆಯಬೇಕು. ಶಾಲೆಯ ಪ್ರೋಗ್ರಾಂ ಬರೆಯುವ ದಪ್ಪ ಕನ್ನಡಕದವರು ಅರ್ಧ ಪುಟ ಬರೆದು ಕೊಟ್ಟಾಗ ಅತ್ತೆ ಓದಿ, ಪುಸ್ತಕವನ್ನು ಅವರತ್ತ ತಿರುಗಿಸಿದರು.

"ನನಗೆ ಅರ್ಥ ಆಗ್ಲಿಲ್ಲಪ್ಪ. ಇನ್ನೊಂದ್ಸಲ ಬರಿ."

ಅವರು ಮೂರು ಸಲ ಬರೆದರು. ಕೊನೆಯ ವಾಕ್ಯ ಹೀಗಿತ್ತು: ಇಬ್ಬರು ಮೇಷ್ಟ್ರುಗಳಿಗೆ ಒಂದೇ ಹೊತ್ತಿನಲ್ಲಿ ಒಂದೇ ತರಗತಿ ಬಂದರೆ ಇದು ಹೇಳುತ್ತದೆ. ಇದು ಚೆನ್ನಾಗಿದೆ ಎಂದು ಅತ್ತೆ ಒಳಗೆ ಬಿಟ್ಟರು.

ನಲವತ್ತೊಂದು ಮಂದಿ ಬಂದಿದ್ದರು. ಮೊದಲನೆಯವರು ಎದ್ದು ನಿಲ್ಲುವಷ್ಟರಲ್ಲೇ ಇಂಟರ್ನೆಟ್ಟು ಕೈಕೊಟ್ಟಿತು. ಅಕ್ಕ ಎಲ್ಲರ ಸಾಧನಗಳನ್ನೂ ತನ್ನ ಒಂದು ಯಂತ್ರಕ್ಕೆ ತುಂಬಿಸಿ, ಪೆನ್ ಡ್ರೈವ್‌ಗಳನ್ನು ಸಾಲಾಗಿ ಕೈಯಿಂದ ಕೈಗೆ ದಾಟಿಸಿದಳು. ಅದರಿಂದ ಒಳ್ಳೆಯದೇ ಆಯಿತು. ಪೆನ್ ಡ್ರೈವ್ ದಾಟಿಸಲು ಪಕ್ಕದವರ ಮುಖ ನೋಡಲೇಬೇಕು, ಎರಡು ಮಾತು ಆಡಲೇಬೇಕು. ಬೆಳಿಗ್ಗೆ ಬಿಗಿದುಕೊಂಡು ಕೂತವರು ಊಟದ ಹೊತ್ತಿಗೆ ಒಬ್ಬರ ಯಂತ್ರಕ್ಕೆ ಇನ್ನೊಬ್ಬರು ಬಗ್ಗಿ ನೋಡುತ್ತಿದ್ದರು.

ಊಟವಾದ ಮೇಲೆ ಹಿಂದಿನ ಸಾಲಿನಿಂದ ಒಬ್ಬಾಕೆ ಎದ್ದು ಬಂದಳು. ಮಾಲೀಕರ ಆಫೀಸಿನಲ್ಲಿ ಪ್ರೋಗ್ರಾಂಗಳ ತಪ್ಪು ಹುಡುಕುವ ಕೆಲಸ ಆಕೆಯದು, ಹಾಗಾಗಿ ಎಲ್ಲರ ಬಾಯಲ್ಲೂ ಟೆಸ್ಟರಮ್ಮ. ಇಬ್ಬರು ಮಕ್ಕಳ ತಾಯಿ, ಸೂಚನೆಯನ್ನು ಓದಿಯೂ ಬಂದಿದ್ದಳು. ತಗ್ಗಿದ ದನಿಯಲ್ಲಿ ತನ್ನ ಸಾಧನ ತೋರಿಸಿದಳು. ಎಲ್ಲರೂ ದಿನಾ ಮಾಹಿತಿಯ ಒಂದು ನಕಲು ತೆಗೆದು ಬ್ಯಾಕಪ್ ಎಂದು ಎತ್ತಿಡುತ್ತೇವೆ, ಆದರೆ ಅದನ್ನು ತೆರೆದು ನೋಡುವವರು ಯಾರು ಎಂದು ಕೇಳಿದಳು. ಆಕೆಯ ಸಾಧನ ಪ್ರತಿ ನಕಲನ್ನೂ ತೆರೆದು, ಒಳಗೆ ಎಷ್ಟು ಸಾಲು ಇವೆಯೆಂದು ನೋಡಿ ಹೇಳುತ್ತಿತ್ತು. ಅಷ್ಟೇ. ಯಾರಾದರೂ ತಮ್ಮದನ್ನು ಕೊಟ್ಟರೆ ಇಲ್ಲೇ ತೋರಿಸುತ್ತೇನೆ ಎಂದಳು.

ನಾಲ್ಕನೇ ಮಹಡಿಯವರು ಉತ್ಸಾಹದಿಂದ ಗ್ರಂಥಾಲಯದ ಡಿಸ್ಕು ಕೊಟ್ಟರು. ಪರದೆಯ ಮೇಲೆ ತಾರೀಖುಗಳು ಒಂದೊಂದಾಗಿ ಇಳಿದವು. ಕಡತಗಳೇನೋ ಇದ್ದವು, ತಾರೀಖೂ ಸರಿಯಿತ್ತು. ಒಳಗೆ ಮಾತ್ರ ಒಂದು ಸಾಲೂ ಇಲ್ಲ. ಹನ್ನೊಂದು ತಿಂಗಳಿಂದ ಅವರು ಶ್ರದ್ಧೆಯಾಗಿ ಖಾಲಿ ಡಬ್ಬ ಎತ್ತಿಡುತ್ತಿದ್ದರು. ಅವರು ಎದ್ದು, ಚಪ್ಪಲಿ ಮೆಟ್ಟಿ, ಬ್ಯಾಗನ್ನೂ ಮರೆತು ನೇರ ಗ್ರಂಥಾಲಯಕ್ಕೆ ಹೊರಟುಹೋದರು. ಉಳಿದವರೆಲ್ಲ ಟೆಸ್ಟರಮ್ಮನ ಸುತ್ತ ಮುಗಿಬಿದ್ದರು. ಸಂಜೆಯೊಳಗೆ ಇನ್ನೂ ಆರು ಜನರ ಬ್ಯಾಕಪ್ ಟೊಳ್ಳೆಂದು ಗೊತ್ತಾಯಿತು. ಆ ಗ್ರಂಥಾಲಯದ ಯಂತ್ರ ಇವತ್ತಿಗೂ ಕೆಟ್ಟಿಲ್ಲ, ಆದರೂ ಆ ಮಧ್ಯಾಹ್ನ ನೆನೆದರೆ ಈಗಲೂ ಬೆವರುತ್ತದೆ ಎನ್ನುತ್ತಾರೆ ನಾಲ್ಕನೇ ಮಹಡಿಯವರು.

ಸುದ್ದಿ ಮಾಲೀಕರ ಕಿವಿಗೆ ಬೀಳದಿರುತ್ತದೆಯೇ? ಮೂರನೇ ದಿನ ಟೆಸ್ಟರಮ್ಮನ ಕೈಗೆ ಒಂದು ಪತ್ರ ಬಂತು. ಆ ಸಾಧನ ಆಫೀಸಿನ ಸ್ವತ್ತು, ಹಂಚಿದ್ದು ತಪ್ಪು, ಎಲ್ಲರಿಂದ ವಾಪಸು ಪಡೆಯಬೇಕು ಎಂದಿತ್ತು. ಆಕೆ ಪತ್ರ ಹಿಡಿದು ಅಕ್ಕನ ಮನೆಗೆ ಬಂದಳು. ಸಮ್ಮೇಳನಕ್ಕೆ ಬರಬಾರದಿತ್ತೇನೋ ಎಂದಳು. ಅಕ್ಕ ಅವಳನ್ನು ಕೂರಿಸಿ ಮೊದಲು ಕೇಳಿದ್ದು ಒಂದೇ ಪ್ರಶ್ನೆ, ಅದನ್ನು ಬರೆದದ್ದು ಎಲ್ಲಿ, ಯಾವಾಗ ಎಂದು. ಮನೆಯ ಹಳೇ ಕಂಪ್ಯೂಟರಿನಲ್ಲಿ, ಎರಡನೇ ಮಗುವಿನ ಬಾಣಂತನದಲ್ಲಿ, ಆ ಆಫೀಸಿಗೆ ಸೇರುವುದಕ್ಕೂ ಮುಂಚೆ. ಪ್ರತಿ ಬದಲಾವಣೆಯ ತಾರೀಖೂ ಅದರಲ್ಲೇ ದಾಖಲಾಗಿತ್ತು.

ಮರುದಿನ ಅಕ್ಕ, ಟೆಸ್ಟರಮ್ಮ ಇಬ್ಬರೂ ಹೋಗಿ ಮಾಲೀಕರ ಕೋಣೆಯಲ್ಲಿ ಕೂತರು. ಅಕ್ಕ ದನಿ ಏರಿಸಲಿಲ್ಲ. ತಾರೀಖುಗಳ ಹಾಳೆಗಳನ್ನು ಮೇಜಿನ ಮೇಲೆ ಹರಡಿ, ಒಂದೊಂದನ್ನೂ ಬೆರಳಿಟ್ಟು ತೋರಿಸಿದಳು. ಮಾಲೀಕರು ಅತ್ತಿತ್ತ ಮಾತು ತೇಲಿಸಿದರು, ನಿಷ್ಠೆಯ ವಿಷಯ ಎತ್ತಿದರು, ಗಡಿಯಾರ ನೋಡಿಕೊಂಡರು.

"ನಿಮ್ಮ ಹತ್ರ ಇದ್ದಿದ್ದು ಅವಳ ಕೆಲಸದ ಹೊತ್ತು, ಸರ್. ಅವಳ ತಲೆ ಅಲ್ಲ," ಎಂದಳು ಅಕ್ಕ. "ಪತ್ರ ವಾಪಸು ತಗೊಳ್ಳಿ. ಅಲ್ಲೀವರೆಗೂ ನಾವು ಏಳಲ್ಲ."

ಮೂರು ಗಂಟೆ ಏಳಲಿಲ್ಲ. ಕೊನೆಗೆ ಪತ್ರ ವಾಪಸಾಯಿತು. ತಪ್ಪಾಯಿತು ಎಂಬ ಮಾತು ಬರಲಿಲ್ಲ, ಅದನ್ನು ಅಕ್ಕ ನಿರೀಕ್ಷಿಸಿಯೂ ಇರಲಿಲ್ಲ. ಟೆಸ್ಟರಮ್ಮ ಎರಡು ತಿಂಗಳು ಅಲ್ಲೇ ಇದ್ದು, ಯಾರೂ ಮುಖ ಕೊಟ್ಟು ಮಾತಾಡದ್ದಕ್ಕೆ ಬೇಸತ್ತು ಕೆಲಸ ಬಿಟ್ಟಳು. ಈಗ ನಾಲ್ಕನೇ ಮಹಡಿಯವರ ಜೊತೆ ಗ್ರಂಥಾಲಯಗಳ ಕೆಲಸ ನೋಡಿಕೊಳ್ಳುತ್ತಾಳೆ. ಅವಳ ಮೊದಲಿನ ಆಫೀಸಿನಷ್ಟು ದೊಡ್ಡ ಹೆಸರಿಲ್ಲದ ಜಾಗ, ಹಾಗೆಂದು ಆಕೆಯ ತವರಿನವರು ಇನ್ನೂ ಮುಖ ಗಂಟಿಕ್ಕುತ್ತಾರೆ. ಈ ವಿಷಯದಲ್ಲಿ ಅಕ್ಕನಿಗೆ ಒಳಗೊಳಗೇ ಒಂದು ಅಳುಕು ಉಳಿದಿದೆ. ತಾನು ಕರೆಯದಿದ್ದರೆ ಅವಳು ಅಲ್ಲೇ ನೆಮ್ಮದಿಯಾಗಿರುತ್ತಿದ್ದಳೋ ಏನೋ ಎಂದು ಒಮ್ಮೆ ಅತ್ತೆಯ ಹತ್ತಿರ ಹೇಳಿಕೊಂಡಳು. ಅದನ್ನು ಅವಳನ್ನೇ ಕೇಳು, ನನ್ನನ್ನಲ್ಲ ಎಂದರು ಅತ್ತೆ. ಕೇಳಿದಾಗ ಟೆಸ್ಟರಮ್ಮ ನಕ್ಕು, ನೆಮ್ಮದಿ ಇತ್ತು ಅಕ್ಕ, ಆದರೆ ನಾನು ಇದ್ದೇನೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂದಳಂತೆ.

ಎರಡನೇ ವರ್ಷ ಎಪ್ಪತ್ತಕ್ಕೂ ಹೆಚ್ಚು ಜನ ಸೇರಿದರು. ಮಾಲೀಕರ ಆಫೀಸಿನಿಂದ ಇಬ್ಬರು ಬಂದರು, ಬ್ಯಾನರು ಬರಲಿಲ್ಲ. ಅದಾದ ಮೇಲೆ ಮೂರು ಗಂಟೆ ಬಸ್ಸಿನ ದೂರದ ಒಂದು ಊರಿನಿಂದ, ನೀರು ಸರಬರಾಜಿನ ಕಚೇರಿಗೆ ಪ್ರೋಗ್ರಾಂ ಬರೆಯುವವನೊಬ್ಬ ಅಕ್ಕನಿಗೆ ಪತ್ರ ಬರೆದ. ನಮ್ಮಲ್ಲೂ ಹೀಗೊಂದು ಮಾಡಬೇಕು, ಆದರೆ ಯಾರೂ ಬರುವುದಿಲ್ಲವೆಂಬ ಭಯ ಎಂದಿದ್ದ. ಅಕ್ಕ ಉದ್ದದ ಸಲಹೆ ಬರೆಯಲಿಲ್ಲ. ದಿನ ಗೊತ್ತು ಮಾಡಿ, ಬದಲಾಯಿಸಬೇಡಿ, ನಾನು ಬರುತ್ತೇನೆ ಎಂದಷ್ಟೇ ಬರೆದಳು.

ಆ ದಿನ ಅಲ್ಲಿ ಸೇರಿದ್ದು ಒಂಬತ್ತು ಜನ, ಅಕ್ಕನೂ ಸೇರಿ. ಪತ್ರ ಬರೆದವನು ಖಾಲಿ ಕುರ್ಚಿಗಳನ್ನು ನೋಡಿ ಕುಗ್ಗಿಹೋಗಿದ್ದ. ಅಕ್ಕ ಆ ಕುರ್ಚಿಗಳನ್ನು ತಾನೇ ಎತ್ತಿ ಗೋಡೆಯ ಬದಿಗೆ ಪೇರಿಸಿದಳು. ಉಳಿದ ಒಂಬತ್ತನ್ನು ದುಂಡಗೆ ಹಾಕಿ ಕೂತು, ಅವನ ಕಡೆ ತಿರುಗಿ, ನೀವೇ ಮೊದಲು ಶುರು ಮಾಡಿ, ನಿಮ್ಮದು ಏನು ಮಾಡುತ್ತದೆ ಹೇಳಿ ಎಂದಳು.